ಜೀರ್ಣೋದ್ಧಾರದ ಧರ್ಮ



ನಮ್ಮ ನಾಡಿನ ಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದುದು. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗ, ತಪೋಧನರ ಆಹಾರದಾನ, ವಿದ್ಯಾರ್ಥಿಗಳ ವಿದ್ಯಾದಾನ ಇವುಗಳ ಜೊತೆಯಲ್ಲಿಯೇ ಈ ಜೀರ್ಣೋದ್ಧಾರಕ್ಕೂ ಭೂಮಿಯನ್ನು ಬಿಟ್ಟ ಉಲ್ಲೇಖಗಳು ಮತ್ತೆ ಮತ್ತೆ ಬರುತ್ತವೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು. ಮುರಿದುದನ್ನು ಕೂಡಿಸುವುದು, ಬಿರಿದುದನ್ನು ಬೆಸೆಯುವುದು ಇಷ್ಟೇ ಆ ಮಾತಿನ ತಾತ್ಪರ್ಯ. ಇಂದು ಅದೇ ಶಬ್ದವು ನಮ್ಮ ಊರುಗಳ ಆಮಂತ್ರಣ ಪತ್ರಿಕೆಗಳಲ್ಲಿ ಅಚ್ಚಾಗುವಾಗ ಅದರ ಅರ್ಥ ತಲೆಕೆಳಗಾಗಿರುತ್ತದೆ. ಹಳೆಯ ಕಲ್ಲಿನ ಮಂಟಪವನ್ನು ಬುಡಸಹಿತ ಕಿತ್ತು, ಆ ಸ್ಥಳದಲ್ಲಿ ಸಿಮೆಂಟಿನ ಹೊಸ ಕಟ್ಟಡವನ್ನು ಎಬ್ಬಿಸಿ, ಬಣ್ಣ ಬಳಿದು, ಅದಕ್ಕೆ ಜೀರ್ಣೋದ್ಧಾರವೆಂದು ಹೆಸರಿಡುತ್ತೇವೆ.

ಈ ಶಬ್ದವನ್ನು ಹಿಡಿದು ನಾವು ಇಲ್ಲಿ ವಿಚಾರ ಮಾಡಬೇಕೆಂದಿರುವ ಪ್ರಶ್ನೆ ಮಾತ್ರ ದೇವಸ್ಥಾನಗಳಿಗಷ್ಟೇ ಸೇರಿದುದಲ್ಲ. ಒಂದು ಪ್ರಾಚೀನ ಕಟ್ಟಡದ ಮಗ್ಗುಲಲ್ಲಿ ಬಾಳುವ ಗೃಹಸ್ಥನು ತನ್ನ ಮನೆಯನ್ನು ಕೆಡವಲು, ಕಟ್ಟಲು, ಏರಿಸಲು ಹೊರಟಾಗ ‘ಬೇಡ’ ಎನ್ನುವ ಅಧಿಕಾರ ಇನ್ನೊಬ್ಬರಿಗೆ ಉಂಟೆ? ಉಂಟಾದರೆ ಅದು ಯಾವ ಧರ್ಮದ ಮೇಲೆ ನಿಂತಿದೆ? ಆ ಅಧಿಕಾರಕ್ಕೆ ಪ್ರತಿಯಾಗಿ ಅದನ್ನು ಚಲಾಯಿಸುವವರು ಹೊರಬೇಕಾದ ಹೊಣೆ ಯಾವುದು?

ಕಾನೂನಿನ ಸ್ಥಿತಿ ಹೀಗಿದೆ. ಕೇಂದ್ರ ಸರಕಾರವು 1958ರ ಅಧಿನಿಯಮದ ಅನ್ವಯ ರಕ್ಷಿಸುತ್ತಿರುವ ಸ್ಮಾರಕಗಳು ದೇಶದಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಐನೂರಕ್ಕೂ ಮಿಕ್ಕಿ ನಮ್ಮ ಕರ್ನಾಟಕದಲ್ಲಿಯೇ ಇವೆ. 1992ರಲ್ಲಿ ಹೊರಟ ಅಧಿಸೂಚನೆಯೊಂದು ಇಂಥ ಸ್ಮಾರಕದ ಎಲ್ಲೆಯಿಂದ ನೂರು ಮೀಟರುಗಳನ್ನು ನಿಷೇಧಿತ ಪ್ರದೇಶವೆಂದೂ, ಅದರಾಚೆಯ ಇನ್ನೂರು ಮೀಟರುಗಳನ್ನು ನಿಯಂತ್ರಿತ ಪ್ರದೇಶವೆಂದೂ ಸಾರಿತು. 2010ರ ತಿದ್ದುಪಡಿಯು ಇದನ್ನೇ ಶಾಸನದೊಳಗೆ ಸೇರಿಸಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ಸ್ಥಾಪಿಸಿತು. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಏಳುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿಗೆ ಅನುಮತಿ ಬೇಡಬಹುದು. ಪ್ರತಿಯೊಂದು ಸ್ಮಾರಕದ ಸ್ಥಳಸ್ಥಿತಿಯನ್ನು ನೋಡಿ ಪ್ರತ್ಯೇಕ ಉಪವಿಧಿಗಳನ್ನು ರಚಿಸಬೇಕೆಂದೂ ಶಾಸನ ಹೇಳುತ್ತದೆ. ಆ ಕೆಲಸ ಬಹು ನಿಧಾನವಾಗಿ ಸಾಗಿದೆ. ಹೀಗಾಗಿ ವಿಜಯಪುರದ ಗೋಳಗುಮ್ಮಟಕ್ಕೂ, ಹೊಲದ ನಡುವೆ ನಿಂತ ಒಂದು ಚಿಕ್ಕ ಗುಡಿಗೂ ಅಳತೆಯ ಹಗ್ಗ ಒಂದೇ.

ವಾಚಕರು ಐಹೊಳೆಯ ಒಬ್ಬ ರೈತನನ್ನು ಕಲ್ಪಿಸಿಕೊಳ್ಳಬೇಕು. ಅವನದು ಅಜ್ಜ ಕಟ್ಟಿಸಿದ ಮಾಳಿಗೆ ಮನೆ. ಜಂತಿಗೆ ಗೆದ್ದಲು ಹತ್ತಿದೆ. ಮಳೆಗಾಲದಲ್ಲಿ ಪಡಸಾಲೆ ಸೋರುತ್ತದೆ. ಹಿರಿಯ ಮಗನ ಲಗ್ನವಾಗಿ ಸೊಸೆ ಬಂದಿದ್ದಾಳೆ. ಅವಳಿಗೊಂದು ಕೋಣೆ ಬೇಕು, ಶೌಚಾಲಯ ಬೇಕು. ಊರ ತುಂಬ ಗುಡಿಗಳು ಹರಡಿರುವುದರಿಂದ ಊರಿನ ಬಹುಭಾಗ ಯಾವುದಾದರೊಂದು ಗುಡಿಯ ನೂರು ಮೀಟರಿನೊಳಗೇ ಬೀಳುತ್ತದೆ. ಅರ್ಜಿ ಕೊಡಬೇಕು, ನಕ್ಷೆ ಮಾಡಿಸಬೇಕು, ಮನೆಯ ಹಳಮೆಗೆ ದಾಖಲೆ ತರಬೇಕು, ತನಗೆ ತಿಳಿಯದ ಭಾಷೆಯ ಪತ್ರಗಳಿಗಾಗಿ ಕಾಯಬೇಕು. ಪಾಪ, ಅವನು ಒಂದು ದಿನ ರಾತ್ರೋರಾತ್ರಿ ನಾಲ್ಕು ಗೋಡೆ ಎಬ್ಬಿಸಿಬಿಡುತ್ತಾನೆ. ಮರುದಿನದಿಂದ ಅವನು ಅಪರಾಧಿ. ಹೊರಗಿನಿಂದ ಬಂದ ವಿದ್ವಾಂಸರು ‘ಈ ಜನರಿಗೆ ತಮ್ಮ ಸಂಪತ್ತಿನ ಬೆಲೆ ತಿಳಿಯದು’ ಎಂದು ನಿಟ್ಟುಸಿರು ಬಿಡುತ್ತಾರೆ.

ಈ ನಿಟ್ಟುಸಿರು ನ್ಯಾಯವಾದುದಲ್ಲ. ಐಹೊಳೆಯ ಗುಡಿಗಳ ಹೆಸರುಗಳನ್ನೇ ನೋಡಿರಿ: ಲಾಡಖಾನ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ. ಲಾಡಖಾನನೆಂಬಾತ ಅಲ್ಲಿ ಸಂಸಾರ ಹೂಡಿದ್ದನೆಂದೇ ಆ ಗುಡಿಗೆ ಆ ಹೆಸರು ಬಂದಿದೆ. ಮೂಲದಲ್ಲಿ ಅದನ್ನು ಕಟ್ಟಿಸಿದವರ ನೆನಪು ಜನರಿಂದ ಮರೆಯಾಯಿತು. ಅಲ್ಲಿ ಒಲೆ ಹಚ್ಚಿ ಬಾಳಿದವನ ಹೆಸರು ನಿಂತಿತು. ಜನ ಬಾಳುವ ಗೋಡೆಯ ಬಿರುಕನ್ನು ಯಾರಾದರೂ ಮೆತ್ತುತ್ತಾರೆ, ಮೇಲೆ ಬೆಳೆದ ಅರಳಿಯ ಸಸಿಯನ್ನು ಯಾರಾದರೂ ಕೀಳುತ್ತಾರೆ. ಬಾಳಿದವರು ಕೆಡಿಸಿದ್ದೂ ಉಂಟು, ಉಳಿಸಿದ್ದೂ ಉಂಟು.

ಹಾಗೆಂದ ಮಾತ್ರಕ್ಕೆ ‘ನನ್ನ ಜಾಗ, ನನ್ನ ಇಷ್ಟ’ ಎಂಬ ವಾದವನ್ನು ನಾವು ಒಪ್ಪಿದಂತಾಗಲಿಲ್ಲ. ಅದು ಕೇಳುವುದಕ್ಕೆ ಸರಳವಾಗಿದೆ, ವಿಚಾರಕ್ಕೆ ನಿಲ್ಲುವುದಿಲ್ಲ. ಮನೆಯ ಒಳಗು ಗೃಹಸ್ಥನದು. ಅದರ ಮುಖವಾದರೋ ಬೀದಿಯದೂ ಹೌದು. ಆಂಗ್ಲ ಚಿಂತಕ ರಸ್ಕಿನ್ 1849ರಷ್ಟು ಹಿಂದೆಯೇ, ಪ್ರಾಚೀನ ಕಟ್ಟಡಗಳ ಒಡೆತನ ನಮ್ಮದಲ್ಲ, ಅವುಗಳಲ್ಲಿ ಕಟ್ಟಿದವರಿಗೂ ಮುಂದೆ ಬರುವವರಿಗೂ ಹಕ್ಕುಂಟು ಎಂದು ವಾದಿಸಿದ್ದನು. ಸ್ವಂತ ಆಸ್ತಿಯ ಹಕ್ಕನ್ನು ಬಹುವಾಗಿ ಮನ್ನಿಸುವ ಅಮೆರಿಕಾ ದೇಶದಲ್ಲಿಯೂ ಚಾರ್ಲ್ಸ್‌ಟನ್ ನಗರವು 1931ರಲ್ಲಿ, ಹಳೆಯ ಬಡಾವಣೆಯ ಮನೆಗಳ ಹೊರರೂಪವನ್ನು ಬದಲಿಸುವ ಮೊದಲು ಒಂದು ಮಂಡಲಿಯ ಒಪ್ಪಿಗೆ ಪಡೆಯಬೇಕೆಂದು ನಿಯಮ ಮಾಡಿತು. ನ್ಯೂಯಾರ್ಕಿನಲ್ಲಿ ಪೆನ್ಸಿಲ್ವೇನಿಯಾ ರೈಲು ನಿಲ್ದಾಣದ ಭವ್ಯ ಕಟ್ಟಡವನ್ನು 1963ರಲ್ಲಿ ಒಡೆಯಲಾರಂಭಿಸಿದಾಗ ಜನರಿಗೆ ಎಚ್ಚರವಾಗಿ, 1965ರಲ್ಲಿ ಸಂರಕ್ಷಣೆಯ ಕಾನೂನು ಬಂದಿತು. ಆ ನಗರದ ಮತ್ತೊಂದು ದೊಡ್ಡ ನಿಲ್ದಾಣವಾದ ಗ್ರ್ಯಾಂಡ್ ಸೆಂಟ್ರಲ್‌ನ ಒಡೆಯರು ಅದರ ಮೇಲೆ ಗಗನಚುಂಬಿ ಗೋಪುರವೊಂದನ್ನು ಕಟ್ಟಲು ಹೊರಟು, ಅನುಮತಿ ದೊರೆಯದೆ ನ್ಯಾಯಾಲಯಕ್ಕೆ ಹೋದರು. 1978ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ನಗರದ ಪರವಾಗಿ ತೀರ್ಪಿತ್ತಿತು. ಆ ತೀರ್ಪಿನ ಒಂದು ಅಂಶ ನಮ್ಮವರ ಗಮನಕ್ಕೆ ಬರಬೇಕು. ಒಡೆಯರು ಕಟ್ಟಡವನ್ನು ಇದ್ದಂತೆಯೇ ಬಳಸಿ ಆದಾಯ ಪಡೆಯಬಹುದು. ಕಟ್ಟಲಾಗದೆ ಉಳಿದ ಎತ್ತರದ ಹಕ್ಕನ್ನು ಸಮೀಪದ ಬೇರೆ ನಿವೇಶನಗಳಿಗೆ ವರ್ಗಾಯಿಸಿಕೊಳ್ಳಲು ಅವಕಾಶವುಂಟು. ಆದುದರಿಂದ ಅವರಿಂದ ಎಲ್ಲವನ್ನೂ ಕಸಿದುಕೊಂಡಂತಾಗಲಿಲ್ಲ, ಎಂಬುದು ಅಲ್ಲಿನ ತರ್ಕ. ನಿರ್ಬಂಧದ ಜೊತೆಗೆ ಪರಿಹಾರದ ಲೆಕ್ಕವೂ ನಡೆದಿತ್ತು. ರೈಲ್ವೆ ಕಂಪನಿಗೆ ದೊರೆತ ಈ ಲೆಕ್ಕಾಚಾರ ಐಹೊಳೆಯ ರೈತನಿಗೇಕೆ ದೊರೆಯಬಾರದು?

ಇಲ್ಲಿ ನಮ್ಮವರೇ ಎತ್ತಬಹುದಾದ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಮಠದಲ್ಲಿ ಓದಿ ಹೋದ ತರುಣರು ಇದನ್ನು ನಮ್ಮ ಮುಂದೆ ಹಲವು ಸಲ ಇಟ್ಟಿದ್ದಾರೆ. ‘ನಾವು ಇಷ್ಟಲಿಂಗೋಪಾಸಕರು. ದೇಹವನ್ನೇ ದೇಗುಲ ಮಾಡಿಕೊಂಡವರ ಪರಂಪರೆ ನಮ್ಮದು. ಸ್ಥಾವರಕ್ಕೆ ಅಳಿವು ಸಹಜವೆಂದು ಬಸವಣ್ಣನವರೇ ತಿಳಿಸಿದ ಮೇಲೆ ಹಳೆಯ ಕಲ್ಲುಗಳಿಗಾಗಿ ನಾವೇಕೆ ಮರುಗಬೇಕು?’ ಎಂದು.

ಆಕ್ಷೇಪಣೆ ಹಗುರವಾದುದಲ್ಲ. ಆದರೆ ಸ್ಥಾವರಕ್ಕಿಂತ ಜಂಗಮವು ಹಿರಿದೆಂದು ಹೇಳುವುದು ಒಂದು. ಸ್ಥಾವರವನ್ನು ಒಡೆಯಲು ಅಪ್ಪಣೆ ಕೊಡುವುದು ಇನ್ನೊಂದು. ಶರಣರು ಮೊದಲನೆಯದನ್ನು ಹೇಳಿದರು. ಇದಕ್ಕೆ ಬಳ್ಳಿಗಾವಿಗಿಂತ ಉತ್ತಮವಾದ ನಿದರ್ಶನ ನಮಗೆ ಕಾಣದು. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ಪ್ರತೀತಿಯಿರುವ ಆ ಊರಿನಲ್ಲಿ ಕಾಳಾಮುಖರ ಕೋಡಿಯಮಠವಿತ್ತು. ಬಿಜ್ಜಳನ ಕಾಲದ, ಎಂದರೆ ಬಸವಣ್ಣನವರ ಕಾಲದ, 1162ರ ಶಾಸನವೊಂದು ಆ ಮಠವನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ನ್ಯಾಯ, ಸಾಂಖ್ಯಾದಿ ಶಾಸ್ತ್ರಗಳ ಪಾಠ ಅಲ್ಲಿ ನಡೆಯುತ್ತಿತ್ತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ, ಜೈನ ಬೌದ್ಧ ಭಿಕ್ಷುಗಳಿಗೂ ಅನ್ನ, ರೋಗಿಗಳಿಗೆ ಔಷಧ, ಭಯಗೊಂಡು ಬಂದವರಿಗೆ ಆಶ್ರಯ. ಇಂದು ಶಿಕಾರಿಪುರದ ದಾರಿಯಲ್ಲಿ ಹೋಗುವವರು ಕೇದಾರೇಶ್ವರ ದೇವಾಲಯವನ್ನು ನೋಡಬಹುದು. ಕಲ್ಲು ಕೆಡದೆ ನಿಂತಿದೆ, ಸುತ್ತ ಹುಲ್ಲುಹಾಸು ಇದೆ. ಆ ಅನ್ನವೂ ಔಷಧವೂ ಪಾಠವೂ ಇಲ್ಲ.

ಇದನ್ನು ಕಂಡು ಎರಡು ಭಾವ ಹುಟ್ಟಬೇಕು. ಉಳಿಯಬೇಕಾದುದು ಉಳಿಯಲಿಲ್ಲವಲ್ಲ ಎಂಬ ಖೇದ ಮೊದಲನೆಯದು. ಆ ಕಲ್ಲೂ ಇಲ್ಲದಿದ್ದರೆ ಅಲ್ಲಿ ಅಂಥ ದಾಸೋಹ ನಡೆದಿತ್ತೆಂಬ ಸುದ್ದಿಯೇ ನಮಗೆ ಮುಟ್ಟುತ್ತಿರಲಿಲ್ಲವಲ್ಲ ಎಂಬ ಕೃತಜ್ಞತೆ ಎರಡನೆಯದು. ಜಂಗಮದ ಚರಿತ್ರೆಯನ್ನು ಹೊತ್ತು ತಂದದ್ದು ಸ್ಥಾವರವೇ. ವಚನಗಳ ಕಥೆಯೂ ಇದೇ. ಎಷ್ಟೋ ಮನೆತನಗಳ ಜಗಲಿಯ ಮೇಲೆ, ಅಟ್ಟದ ಮೂಲೆಯಲ್ಲಿ ಪೂಜೆಗೊಳ್ಳುತ್ತಲೋ ಧೂಳು ತಿನ್ನುತ್ತಲೋ ಕುಳಿತಿದ್ದ ಓಲೆಯ ಕಟ್ಟುಗಳನ್ನು ಫ. ಗು. ಹಳಕಟ್ಟಿಯವರು ಊರೂರು ಅಲೆದು ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರ ಹೊರಬಂದಿತು. ಆ ಅಟ್ಟಗಳನ್ನು ಅವರು ಬರುವುದಕ್ಕೆ ಹತ್ತು ವರ್ಷ ಮೊದಲೇ ಕೆಡವಿದ್ದರೆ ಆ ಕಟ್ಟುಗಳ ಗತಿ ಹೊಳೆಯ ನೀರು.

ಹಾಗಾದರೆ ಕಾಪಾಡುವುದು ಧರ್ಮವೆಂದಾಯಿತು. ಹೇಗೆ ಕಾಪಾಡಬೇಕೆಂಬುದೇ ಕಠಿಣವಾದ ಭಾಗ. ಹಂಪೆಯಲ್ಲಿ ನಡೆದುದನ್ನು ಸ್ಮರಿಸಿಕೊಳ್ಳೋಣ. 1986ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ತುಂಗಭದ್ರೆಗೆ ಆನೆಗೊಂದಿಯ ಬಳಿ ಸೇತುವೆ ಕಟ್ಟಹೊರಟ ನಿಮಿತ್ತ 1999ರಲ್ಲಿ ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೆ ಇಳಿಯಿತು. 2006ರಲ್ಲಿ ಅದರಿಂದ ಬಿಡುಗಡೆಯಾಯಿತು. ಆ ಸೇತುವೆ 2009ರಲ್ಲಿ ಕುಸಿದು ಕೆಲಸಗಾರರ ಪ್ರಾಣ ತೆಗೆದುಕೊಂಡಿತು. ವಿರೂಪಾಕ್ಷನ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ನೂರಾರು ಸಂಸಾರಗಳು ದಶಕಗಳಿಂದ ಅಂಗಡಿಯಿಟ್ಟು, ಗೋಡೆಯೆತ್ತಿ ಬದುಕಿದ್ದವು. ಕಂಬಗಳ ನಡುವೆ ಇಟ್ಟಿಗೆ ತುಂಬಿ, ಮೇಲೆ ಸಿಮೆಂಟು ಸುರಿದು ಅವರು ಮಂಟಪಗಳ ಅಂದವನ್ನು ಕೆಡಿಸಿದ್ದು ನಿಜ. 2011ರ ಜುಲೈ ತಿಂಗಳಲ್ಲಿ, ಅತ್ಯಲ್ಪ ಕಾಲಾವಕಾಶ ಕೊಟ್ಟು, ಯಂತ್ರಗಳನ್ನು ತಂದು ಅವರನ್ನು ತೆರವುಗೊಳಿಸಲಾಯಿತು. ಬದಲಿ ನಿವೇಶನ ಕಡ್ಡಿರಾಂಪುರದಲ್ಲಿ ಎಂದಾಯಿತು. ಆದರೆ ಮನೆಗಳು ಮೊದಲು ಬಿದ್ದವು, ಮರುವಸತಿ ವರ್ಷಗಟ್ಟಲೆ ಕುಂಟುತ್ತ ಹಿಂದಿನಿಂದ ಬಂದಿತು. ಕಂಬಗಳನ್ನು ಬಿಡಿಸುವ ಭರದಲ್ಲಿ ಯಂತ್ರದ ಪೆಟ್ಟು ಹಳೆಯ ಮಂಟಪಗಳಿಗೂ ತಗಲಿತೆಂಬ ದೂರುಗಳು ಕೇಳಿಬಂದವು. 1520ರ ಸುಮಾರಿಗೆ ಆ ನಗರಕ್ಕೆ ಬಂದಿದ್ದ ಪೋರ್ಚುಗೀಸ ಪ್ರವಾಸಿ ಪಾಯೆಸನು ಜನರಿಂದ, ಸರಕಿನಿಂದ ತುಂಬಿ ತುಳುಕುವ ಬೀದಿಗಳನ್ನು ವರ್ಣಿಸಿದ್ದಾನೆ. ಪೇಟೆಯನ್ನು ಪೇಟೆಯಾಗಿ ಬಾಳಿಸಿದವರನ್ನು ಕಳಿಸಿ ಬರಿಯ ಕಂಬಗಳನ್ನು ಕಾಯುವುದು ಯಾವ ಹಂಪೆಯ ರಕ್ಷಣೆ?

ಮತ್ತೆ ಶಾಸನದ ಮಾತಿಗೆ ಬರುತ್ತೇವೆ. ಪೂರ್ವಿಕರು ಜೀರ್ಣೋದ್ಧಾರದ ಆಜ್ಞೆಯನ್ನಷ್ಟೇ ಕೆತ್ತಿಸಿ ಕೈ ತೊಳೆದುಕೊಳ್ಳಲಿಲ್ಲ. ಇಷ್ಟು ಮತ್ತರು ಗದ್ದೆ, ಇಂತಿಷ್ಟು ಸುಂಕ, ಗಾಣದಿಂದ ಇಷ್ಟು ಎಣ್ಣೆ ಎಂದು ಅದಕ್ಕೆ ಉತ್ಪನ್ನವನ್ನೂ ಬಿಟ್ಟರು. ಅಲ್ಲಿ ಉಣ್ಣುವವರಿಗೂ ಓದುವವರಿಗೂ ಅದೇ ಶಾಸನದಲ್ಲಿ ಪಾಲಿಟ್ಟರು. ಗೋಡೆಯ ರಕ್ಷಣೆ, ಗೋಡೆಯೊಳಗಿನ ಬಾಳಿನ ಪೋಷಣೆ ಎರಡೂ ಒಂದೇ ದಾನದ ಎರಡು ಮುಖಗಳಾಗಿದ್ದವು. ಇಂದಿನ ವ್ಯವಸ್ಥೆ ಆಜ್ಞೆಯನ್ನು ಉಳಿಸಿಕೊಂಡು ಉತ್ಪನ್ನವನ್ನು ಬಿಟ್ಟಿದೆ. ಕೀರ್ತಿ ನಾಡಿಗೆ, ಪ್ರವಾಸಿಗರ ಹಣ ಹೋಟೆಲುಗಳಿಗೆ, ಸೋರುವ ಮಾಳಿಗೆ ಮಾತ್ರ ರೈತನಿಗೆ! ಇಡೀ ಸಮಾಜ ಅನುಭವಿಸುವ ಸುಖದ ಬೆಲೆಯನ್ನು ಗುಡಿಯ ಮಗ್ಗುಲಲ್ಲಿ ಹುಟ್ಟಿದ ಒಬ್ಬನೇ ತೆರಬೇಕೆನ್ನುವುದಕ್ಕೆ ದಾಸೋಹತತ್ತ್ವದಲ್ಲಿ ಎಲ್ಲಿಯೂ ಆಧಾರವಿಲ್ಲ.

ಆದಕಾರಣ ನಮ್ಮ ಅಭಿಪ್ರಾಯ ಇದು. ಮನೆ ಕಟ್ಟುವವನನ್ನು ತಡೆಯುವ ಮಂಡಲಿಯಲ್ಲಿ ಆ ಓಣಿಯ ನಿವಾಸಿಗಳೂ ಕುಳಿತಿರಬೇಕು. ಅರ್ಜಿಯೂ ಉತ್ತರವೂ ಕನ್ನಡದಲ್ಲಿರಬೇಕು; ‘ಆಗದು’ ಎನ್ನುವವರು ‘ಹೀಗಾದರೆ ಆದೀತು’ ಎಂಬ ದಾರಿಯನ್ನೂ ಅದೇ ಪತ್ರದಲ್ಲಿ ತೋರಿಸಬೇಕು. ಎತ್ತರ ತಗ್ಗಿಸಿ ಕಟ್ಟೆಂದರೆ, ಸುಣ್ಣದ ಗಾರೆಯಿಂದಲೇ ಕಟ್ಟೆಂದರೆ, ಅದರಿಂದ ಹೆಚ್ಚುವ ವೆಚ್ಚವನ್ನು ಸರಕಾರ ಭರಿಸಬೇಕು. ಶೌಚಾಲಯ, ಹೆಣ್ಣುಮಕ್ಕಳ ಸ್ನಾನಗೃಹ, ಬೀಳುವ ಸೂರಿನ ದುರಸ್ತಿ ಇಂಥವುಗಳಿಗೆ ಊರಿನ ಹಂತದಲ್ಲಿಯೇ ತೀರ್ಮಾನ ದೊರೆಯಬೇಕು. ಊರನ್ನೇ ಎಬ್ಬಿಸಬೇಕಾದ ಸಂದರ್ಭ ಬಂದರೂ ಹೊಸ ಮನೆಯ ಕೀಲಿಕೈ ಕೊಟ್ಟ ಮೇಲೆ ಹಳೆಯ ಬಾಗಿಲು ತೆಗೆಸಬೇಕು. ಇದಾವುದೂ ಕಾನೂನಿಗೆ ಅಸಾಧ್ಯವಾದುದಲ್ಲ. ಇನ್ನೊಂದು ಕಡೆ, ಇಷ್ಟೆಲ್ಲ ಅನುಕೂಲ ಒದಗಿದ ಮೇಲೂ ನಾಲ್ಕು ಅಂತಸ್ತಿನ ವಸತಿಗೃಹವನ್ನೇ ಎಬ್ಬಿಸುತ್ತೇನೆಂದು ಹಠ ಹಿಡಿಯುವವನನ್ನು ನಾವು ಬಡವನ ಸಾಲಿನಲ್ಲಿ ನಿಲ್ಲಿಸಲಾರೆವು. ಅವನನ್ನು ತಡೆಯುವುದರಲ್ಲಿ ಯಾವ ಅನ್ಯಾಯವೂ ಇಲ್ಲ.

ಸರಕಾರಕ್ಕೆ ಹೇಳಿದಷ್ಟನ್ನೇ ಹೇಳಿ ಮುಗಿಸಿದರೆ ನಮ್ಮ ಮನೆಯ ಲೆಕ್ಕ ಬಾಕಿ ಉಳಿಯುತ್ತದೆ. ಯಾವ ಇಲಾಖೆಯ ಪಟ್ಟಿಗೂ ಸೇರದ ಗದ್ದುಗೆಗಳು, ಅಗಸೆ ಬಾಗಿಲುಗಳು, ಕೆತ್ತನೆಯ ಕಂಬಗಳ ಹಳೆಯ ಮಠಗಳು ನಮ್ಮ ಹಳ್ಳಿಗಳಲ್ಲಿ ಸಾವಿರಾರು ಇವೆ. ಅವುಗಳಿಗೆ ನೂರು ಮೀಟರಿನ ರಕ್ಷಣೆಯಿಲ್ಲ. ಯಾವ ಮಂಡಲಿಯ ಪರಿಶೀಲನೆಯೂ ಇಲ್ಲ. ಅಲ್ಲಿ ಪರಿಶೀಲಿಸಬೇಕಾದವರು ಭಕ್ತರಾದ ನೀವು, ಪೀಠದಲ್ಲಿ ಕುಳಿತ ನಾವು. ಸಾಗವಾನಿಯ ಕಂಬಗಳನ್ನು ಮರದ ವ್ಯಾಪಾರಿಗೆ ಕೊಟ್ಟು, ಆ ಹಣಕ್ಕೆ ಭಕ್ತರ ಕಾಣಿಕೆಯನ್ನು ಕೂಡಿಸಿ, ಗ್ರಾನೈಟಿನ ಹಾಸನ್ನೂ ಸಿಮೆಂಟಿನ ಗೋಪುರವನ್ನೂ ಮಾಡಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಪುಣ್ಯಕಾರ್ಯವೆಂಬ ಶ್ರದ್ಧೆಯಿಂದಲೇ ಮಾಡಿದ್ದಾರೆ, ಅದನ್ನು ಅಲ್ಲಗಳೆಯಲಾಗದು. ದಾನಿಗಳ ಹೆಸರನ್ನು ಹೊಸ ಗೋಡೆಯ ಮೇಲೆ ಕೆತ್ತಿಸಬಹುದು, ಹಳೆಯ ಗೋಡೆಯ ಬಿರುಕಿನೊಳಗೆ ತುಂಬಿದ ಗಾರೆಯ ಮೇಲೆ ಕೆತ್ತಿಸಲಾಗುವುದಿಲ್ಲ, ಕಷ್ಟವಿರುವುದು ಇಲ್ಲಿ.

ಬರುವ ಬೇಸಗೆಯಲ್ಲಿ ನಿಮ್ಮ ಊರಿನ ಗದ್ದುಗೆಯ ‘ಜೀರ್ಣೋದ್ಧಾರ’ಕ್ಕೆಂದು ಪಟ್ಟಿ ಹಿಡಿದು ಬಂದವರಿಗೆ ಹಣ ಕೊಡುವ ಮೊದಲು ನಾಲ್ಕು ಮಾತು ಕೇಳಿರಿ. ಮುರಿದದ್ದು ಯಾವುದು, ಬಿರಿದದ್ದು ಯಾವುದು, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಕರೆಸಿ ತೋರಿಸಿದ್ದೀರಾ, ಅಟ್ಟದ ಮೇಲೆ ಏನಿದೆಯೆಂದು ಯಾರಾದರೂ ಹತ್ತಿ ನೋಡಿದ್ದಾರಾ?