ಅಟ್ಟದ ಮೇಲಿನ ಪರಿಗ್ರಹ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಹಿಂಸೆ, ಅಸತ್ಯ, ಚೌರ್ಯ, ಅಬ್ರಹ್ಮ ಎಂಬ ನಾಲ್ಕು ಎದುರಿಗೆ ಬಂದಾಗ ಅವು ಪಾಪಗಳೆಂಬುದನ್ನು ಮನಸ್ಸು ತಕ್ಕಮಟ್ಟಿಗೆ ಗುರುತಿಸುತ್ತದೆ. ಐದನೆಯದು ಹಾಗಲ್ಲ. ಅದು ಮನೆಯ ಹೊಸ್ತಿಲು ದಾಟುವಾಗ ಪಾಪದ ವೇಷದಲ್ಲಿ ಬರುವುದಿಲ್ಲ. ಮದುವೆಯ ಉಡುಗೊರೆಯಾಗಿ, ತವರಿನ ಬಳುವಳಿಯಾಗಿ, ಮಕ್ಕಳ ಬಾಲ್ಯದ ನೆನಪಾಗಿ, ಅಗಲಿದ ಹಿರಿಯರ ಗುರುತಾಗಿ ಬರುತ್ತದೆ. ಬಂದದ್ದು ಕಪಾಟನ್ನು ಸೇರುತ್ತದೆ, ಕಪಾಟಿನಿಂದ ಪೆಟ್ಟಿಗೆಗೆ ಇಳಿಯುತ್ತದೆ, ಪೆಟ್ಟಿಗೆಯೊಡನೆ ಅಟ್ಟಕ್ಕೆ ಏರುತ್ತದೆ. ಅಲ್ಲಿಂದ ಕೆಳಗಿಳಿಯುವುದು ಮಾತ್ರ ಅಪರೂಪ.

ಆಗಮವು ಬಾಹ್ಯ ಪರಿಗ್ರಹವನ್ನು ಹತ್ತು ವಿಧವಾಗಿ ಎಣಿಸಿದೆ: ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ. ಜಿನಬಿಂಬದ ಮುಂದೆ ಈ ವ್ರತವನ್ನು ಸ್ವೀಕರಿಸುವ ಗೃಹಸ್ಥನು ಇಷ್ಟು ಎಕರೆ ಹೊಲ, ಇಂತಿಷ್ಟು ತೊಲ ಬಂಗಾರ ಎಂದು ಮಿತಿ ಹೇಳಿಕೊಳ್ಳುತ್ತಾನೆ. ಕುಪ್ಯ, ಭಾಂಡಗಳ ಹೆಸರು ಬಂದಾಗ ನಾಲಿಗೆ ಬೇಗ ಓಡುತ್ತದೆ. ಕುಪ್ಯವೆಂದರೆ ಹತ್ತಿ, ರೇಷ್ಮೆ ಮುಂತಾದ ವಸ್ತ್ರಾದಿಗಳು. ಭಾಂಡವೆಂದರೆ ಪಾತ್ರೆ ಪರಡಿಗಳು. ಇಂದಿನ ಸಾಮಾನ್ಯ ಮನೆಯಲ್ಲಿ ಹೊಲದ ಮಿತಿ ಮೀರುವ ಭಯವಿಲ್ಲ, ಬಂಗಾರದ ಮಿತಿಯನ್ನು ಬಂಗಾರದ ಬೆಲೆಯೇ ಕಾಯುತ್ತದೆ. ವ್ರತವು ಮೊದಲು ಸೋರುವುದು ಸೀರೆಯ ಕಪಾಟಿನಲ್ಲಿ, ಪಾತ್ರೆಯ ಮೂಲೆಯಲ್ಲಿ, ಎಂದೂ ತೆರೆಯದ ಸಂದೂಕದಲ್ಲಿ.

ಆದರೆ ಎಣಿಕೆ ಮುಗಿದ ಮಾತ್ರಕ್ಕೆ ವಿಚಾರ ಮುಗಿಯಲಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಹೆಸರನ್ನೇ ಎತ್ತದೆ ‘ಮೂರ್ಛೆ’ ಎಂಬ ಶಬ್ದವನ್ನು ಬಳಸಿದ್ದಾರೆ. ಇದು ವಾತ ಮೊದಲಾದ ದೋಷಗಳಿಂದ ಬರುವ ಮೂರ್ಛಾರೋಗವಲ್ಲವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಹೊರಗಿನ ಗೋವು, ಮಣಿ, ಮುತ್ತುಗಳನ್ನೂ ಒಳಗಿನ ರಾಗಾದಿಗಳನ್ನೂ ಗಳಿಸುವ, ಕಾಪಾಡುವ, ಒಪ್ಪವಾಗಿಡುವ ವ್ಯಾಪಾರದಲ್ಲಿ ಜೀವವು ತೊಡಗಿಕೊಳ್ಳುವುದೇ ಮೂರ್ಛೆ. ‘ಇದು ನನ್ನದು’ ಎಂಬ ಸಂಕಲ್ಪವಿದ್ದರೆ ಕೈಯಲ್ಲಿ ಏನೂ ಇಲ್ಲದವನೂ ಪರಿಗ್ರಹಿಯೇ.

ಹಾಗಾದರೆ ಅಟ್ಟದ ಮೇಲಿರುವುದೇನು? ಅಂತರಂಗ ಪರಿಗ್ರಹಗಳು ಹದಿನಾಲ್ಕು. ಮಿಥ್ಯಾತ್ವ, ನಾಲ್ಕು ಕಷಾಯಗಳು, ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ, ಮೂರು ವೇದಗಳು. ಈ ಪಟ್ಟಿಯನ್ನು ಹಿಡಿದು ಅಟ್ಟ ಹತ್ತಿದರೆ ಒಂದೊಂದು ಗಂಟಿನ ಮೇಲೂ ಒಂದೊಂದು ಹೆಸರು ಕಾಣುತ್ತದೆ. ಎಂದಾದರೂ ಬೇಕಾದೀತು ಎಂದು ಕೂಡಿಟ್ಟ ಡಬ್ಬಿ, ಬಾಟಲಿ, ಹಗ್ಗದ ತುಂಡು, ಕೆಟ್ಟುನಿಂತ ಮೊಬೈಲು ಫೋನು, ಇವು ಭಯದ ಗಂಟು. ಹಣ ಕೊಟ್ಟದ್ದಲ್ಲವೆ ಎಂದು ಇಟ್ಟುಕೊಂಡದ್ದು ಲೋಭದ ಗಂಟು. ವರ್ಷಕ್ಕೊಮ್ಮೆಯೂ ಒಲೆಯೇರದ, ಆದರೆ ಬಂದವರ ಕಣ್ಣಿಗೆ ಬೀಳಲೆಂದು ಸಾಲಾಗಿ ನಿಲ್ಲಿಸಿದ ಹಿತ್ತಾಳೆಯ ಕೊಪ್ಪರಿಗೆಗಳು ಮಾನದ ಗಂಟು. ಕಲಿಯುವೆನೆಂದು ತಂದು ಒಂದು ದಿನವೂ ನುಡಿಸದ ವೀಣೆ, ಓದುವೆನೆಂದು ಕೊಂಡು ಹಾಳೆ ಬಿಡಿಸದ ಗ್ರಂಥ, ಇವು ತನಗೆ ತಾನೇ ಹೇಳಿಕೊಂಡ ಮಾತಿನ ಗಂಟು, ಮಾಯೆಯ ಸಂತತಿ.

ಇವೆಲ್ಲಕ್ಕಿಂತ ಭಾರವಾದುದು ಶೋಕದ ಗಂಟು. ತೀರಿಹೋದ ತಾಯಿ ಪಾರಣೆಯ ದಿನ ಉಡುತ್ತಿದ್ದ ಸೀರೆ, ತಂದೆಯ ಕನ್ನಡಕ, ಬಾಳಲಾರದೆ ಹೋದ ಮಗುವಿನ ಕುಲಾವಿ. ಇವನ್ನು ಮುಟ್ಟಲು ಕೈ ಬರುವುದಿಲ್ಲ. ಕೊಟ್ಟುಬಿಟ್ಟರೆ ಆ ಜೀವಕ್ಕೆ ದ್ರೋಹವಾದೀತೆಂದು ಮನಸ್ಸು ಅಂಜುತ್ತದೆ. ಇಲ್ಲಿ ಧರ್ಮವು ಕಠೋರವಾಗಿ ಮಾತನಾಡಬೇಕಾಗಿಲ್ಲ; ಸತ್ಯವನ್ನು ಮಾತ್ರ ಹೇಳಬೇಕು. ಜೀವದ್ರವ್ಯ ಬೇರೆ, ಪುದ್ಗಲದ್ರವ್ಯ ಬೇರೆ. ತಾಯಿ ಆ ಸೀರೆಯಲ್ಲಿ ಎಂದೂ ಇರಲಿಲ್ಲ. ತನ್ನ ಶರೀರವನ್ನೇ ಇಲ್ಲಿ ಬಿಟ್ಟುಹೋದ ಜೀವ ಸೀರೆಯ ಮಡಿಕೆಯಲ್ಲಿ ಉಳಿಯುವುದು ಹೇಗೆ? ಉಳಿದಿರುವುದು ಮಕ್ಕಳ ನೆನಪು. ನೆನಪಿಗೆ ಪೆಟ್ಟಿಗೆ ಬೇಡ. ಆಕೆ ಹಿಡಿದ ಅಷ್ಟಮಿ ಚತುರ್ದಶಿಯ ವ್ರತವನ್ನು ಸೊಸೆ ಮುಂದುವರಿಸಿದರೆ, ಆಕೆ ಬಡಿಸುತ್ತಿದ್ದ ಆಹಾರದಾನವನ್ನು ಮಗ ನಿಲ್ಲಿಸದೆ ಇದ್ದರೆ, ಸೀರೆಗಿಂತ ಹೆಚ್ಚಿನದು ಆ ಮನೆಯಲ್ಲಿ ಉಳಿದಿದೆ.

ಶೇಖರಣೆಗೆ ಇನ್ನೊಂದು ಮುಖವಿದೆ. ಅದನ್ನು ಶ್ರಾವಕನು ಮರೆಯಲಾಗದು. ವರ್ಷಗಟ್ಟಲೆ ಅಲುಗದ ಬಟ್ಟೆಯ ಗಂಟಿನಲ್ಲಿ, ಹಳೆಯ ಕಾಗದದ ಕಟ್ಟಿನಲ್ಲಿ, ಬಳಸದ ಪಾತ್ರೆಯ ಕೆಳಗಿನ ತೇವದಲ್ಲಿ ಗೆದ್ದಲು, ಜಿರಲೆ, ಜೇಡ, ನುಸಿಗಳು ಮನೆ ಮಾಡುತ್ತವೆ. ಒಂದು ದಿನ ಅದನ್ನು ತೆಗೆಯಲೇಬೇಕಾಗುತ್ತದೆ; ತೆಗೆದ ದಿನ ಎಣಿಕೆಯಿಲ್ಲದ ತ್ರಸಜೀವಿಗಳ ಘಾತವಾಗುತ್ತದೆ. ಐದನೆಯ ವ್ರತ ಸಡಿಲವಾದಲ್ಲಿ ಮೊದಲನೆಯ ವ್ರತವೂ ನಿಲ್ಲದು. ಕಡಿಮೆ ವಸ್ತುವಿರುವ ಕೋಣೆಯನ್ನು ನೋಡಿ ಗುಡಿಸಬಹುದು, ಜೀವವನ್ನು ಕಂಡು ದಾರಿ ಬಿಡಬಹುದು.

ಇಲ್ಲಿ ಒಂದು ಆಕ್ಷೇಪವುಂಟು. ಮೂರ್ಛೆಯೇ ಪರಿಗ್ರಹವಾದರೆ ವಸ್ತುವನ್ನು ಬಿಡುವ ಅಗತ್ಯವೇನು? ಷಟ್ಖಂಡಾಧಿಪತಿಯಾಗಿಯೂ ನಿರ್ಲಿಪ್ತನಾಗಿದ್ದ ಭರತ ಚಕ್ರವರ್ತಿಯನ್ನು ರತ್ನಾಕರವರ್ಣಿಯು ಭರತೇಶವೈಭವದಲ್ಲಿ ಚಿತ್ರಿಸಿಲ್ಲವೆ? ಮನಸ್ಸು ಅಂಟದಿದ್ದರೆ ಸಾಲದೆ? ಪ್ರಶ್ನೆ ಹಳೆಯದು, ಉತ್ತರವೂ ಹಳೆಯದು. ಮಮತೆಯೇ ಪ್ರಧಾನವೆಂದು ಒಪ್ಪಿದ ಪೂಜ್ಯಪಾದರು, ಬಾಹ್ಯ ವಸ್ತುವು ಆ ಮಮತೆಗೆ ಕಾರಣವಾಗುವುದರಿಂದ ಅದೂ ಪರಿಗ್ರಹವೇ ಎಂದು ನಿರ್ಣಯಿಸಿದ್ದಾರೆ. ಭರತನಾದರೂ ಕೊನೆಗೆ ಸಕಲ ವೈಭವವನ್ನು ತೊರೆದು ದೀಕ್ಷೆ ವಹಿಸಿದನೇ ಹೊರತು ಕಿರೀಟವನ್ನು ಧರಿಸಿಕೊಂಡೇ ಮುಕ್ತನಾಗಲಿಲ್ಲ. ಅಂಟಿಲ್ಲವೆಂದು ಹೇಳುವವನಿಗೆ ಪರೀಕ್ಷೆ ಸುಲಭ: ಅಂಟಿಲ್ಲದಿದ್ದರೆ ಕೊಟ್ಟುಬಿಡಲು ತಡವೇಕೆ?

ಎದುರು ದಿಕ್ಕಿನ ತಪ್ಪೂ ಉಂಟು. ಬಾಹುಬಲಿ ಸ್ವಾಮಿಯು ಗೆದ್ದ ರಾಜ್ಯವನ್ನು ತೊರೆದು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ, ತಾನು ನಿಂತಿರುವುದು ಭರತನ ನೆಲದಲ್ಲಿ ಎಂಬ ಶಲ್ಯವು ಕರಗುವವರೆಗೆ ಕೇವಲಜ್ಞಾನವು ಉದಯಿಸಲಿಲ್ಲವೆಂದು ನಾಡಿನಲ್ಲಿ ಜನಜನಿತವಾದ ಕಥೆ ಹೇಳುತ್ತದೆ. ಅಂಥ ಮಹಾಪುರುಷನಿಗೇ ಅಷ್ಟು ಸೂಕ್ಷ್ಮವಾದ ಮುಳ್ಳು ಉಳಿದಿದ್ದರೆ ಸಾಮಾನ್ಯರ ಪಾಡೇನು? ಕೊಟ್ಟ ಪಾತ್ರೆಯನ್ನು ಅವರು ತೊಳೆದಿಟ್ಟರೇ, ಕೊಟ್ಟ ಸೀರೆಯನ್ನು ಉಟ್ಟರೇ ಎಂದು ಬೆನ್ನಟ್ಟಿ ನೋಡುವವನು ವಸ್ತುವನ್ನು ಬೇರೆಯವರ ಮನೆಯಲ್ಲಿ ಇರಿಸಿದ್ದಾನೆ, ಅಷ್ಟೇ.

ಹಾಗೆಂದು ಕಾಪಾಡುವುದೆಲ್ಲ ಮೂರ್ಛೆಯಲ್ಲ. ಷಟ್ಖಂಡಾಗಮದ ಧವಲಾ ಟೀಕೆಯನ್ನು ಮೂಡುಬಿದಿರೆಯ ಸಿದ್ಧಾಂತ ಬಸದಿಯು ತಾಳೆಗರಿಗಳಲ್ಲಿ ಶತಮಾನಗಳ ಕಾಲ ರಕ್ಷಿಸದಿದ್ದರೆ, 1939ರಲ್ಲಿ ಅದರ ಮೊದಲ ಸಂಪುಟ ಅಚ್ಚಾಗುತ್ತಿರಲಿಲ್ಲ. ಆದರೆ ಅದು ಒಬ್ಬರ ಸ್ವತ್ತಾಗಿ ಅಲ್ಲ, ಸಂಘದ ನಿಧಿಯಾಗಿ ಉಳಿಯಿತು. ಬೆಳಕಿಗೆ ಬಂದ ಮೇಲೆಯೇ ಎಲ್ಲರಿಗೂ ಫಲಿಸಿತು. ಮನೆಯ ಅಟ್ಟದಲ್ಲಿ ಹಿರಿಯರ ತಾಳೆಗರಿಯ ಕಟ್ಟುಗಳಿದ್ದರೆ ಅವುಗಳನ್ನು ಹುಳುವಿಗೆ ಬಿಡದೆ, ತಿಳಿಯದೆ ಒಲೆಗೂ ಹಾಕದೆ, ಮಠದ ಅಥವಾ ಗ್ರಂಥಭಂಡಾರದ ವಶಕ್ಕೆ ಒಪ್ಪಿಸುವುದು ಶಾಸ್ತ್ರದಾನವೇ ಆಗಿದೆ.

ದುಃಖವನ್ನು ದಾನವಾಗಿ ತಿರುಗಿಸುವ ಬಗೆಯನ್ನು ಈ ನಾಡಿನ ಒಬ್ಬ ಶ್ರಾವಿಕೆಯೇ ತೋರಿಸಿದ್ದಾಳೆ. ಪತಿ ನಾಗದೇವನು ತೀರಿದಾಗ ಸವತಿಯೂ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಮಗ ಅಣ್ಣಿಗನಿಗಾಗಿ ಉಳಿದ ಅತ್ತಿಮಬ್ಬೆ ವ್ರತದ ಹಾದಿ ಹಿಡಿದಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದಳು, ರನ್ನನಿಂದ ಅಜಿತಪುರಾಣವನ್ನು ಬರೆಸಿದಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಕೂಡಿಟ್ಟಿದ್ದರೆ ಆ ಸಂಪತ್ತು ಎಂದೋ ಹಾಳಾಗುತ್ತಿತ್ತು. ಕೊಟ್ಟದ್ದರಿಂದ ಸಾವಿರ ವರ್ಷಗಳ ಮೇಲೂ ಆಕೆ ದಾನಚಿಂತಾಮಣಿ.

ಆಚರಣೆಯ ಮಾತು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗದ ಮಿತಿಯನ್ನು ಹೇಳುವಾಗ, ಕಾಲಮಿತಿಯುಳ್ಳದ್ದು ನಿಯಮವೆಂದೂ ಜೀವಾವಧಿಯದು ಯಮವೆಂದೂ ವಿಭಾಗಿಸಿದ್ದಾರೆ. ವಸ್ತುತ್ಯಾಗದಲ್ಲಿಯೂ ನಿಯಮದಿಂದ ಆರಂಭಿಸುವುದು ಕ್ಷೇಮ. ಒಂದು ಚಾತುರ್ಮಾಸ ಮುಗಿಯುವವರೆಗೆ ಹೊಸ ವಸ್ತ್ರ, ಹೊಸ ಪಾತ್ರೆ ಮನೆಗೆ ಬಾರದಿರಲಿ. ಪ್ರೋಷಧೋಪವಾಸದ ದಿನ ಆರಂಭಗಳಿಂದ ನಿವೃತ್ತಿಯಿರುವುದರಿಂದ ಅಂದು ಪೆಟ್ಟಿಗೆ ತೆಗೆಯುವುದು ಬೇಡ. ಯಾವುದನ್ನು ಬಿಡಬೇಕೆಂಬ ಆಲೋಚನೆ ಮಾತ್ರ ಸಾಕು. ಪಾರಣೆಯ ನಂತರ ಒಂದೇ ಒಂದು ಪೆಟ್ಟಿಗೆ ಕೆಳಗಿಳಿಯಲಿ. ಮುರಿದದ್ದನ್ನು, ಹರಿದದ್ದನ್ನು ಬಡವರಿಗೆ ಕೊಟ್ಟು ದಾನವೆಂದು ಕರೆಯಬಾರದು. ಅದು ತನ್ನ ಕಸವನ್ನು ಮತ್ತೊಬ್ಬರ ತಲೆಯ ಮೇಲೆ ಹೊರಿಸಿದಂತೆ.

ಒಂದು ಎಚ್ಚರಿಕೆ ಅತ್ಯಗತ್ಯ. ತ್ಯಾಗವು ತನ್ನ ವಸ್ತುವಿನದು, ಮತ್ತೊಬ್ಬರದಲ್ಲ. ವೃದ್ಧೆ ಅತ್ತೆ ಬಸದಿಗೆ ಹೋದ ಹೊತ್ತಿನಲ್ಲಿ ಆಕೆಯ ಸಂದೂಕವನ್ನು ಬರಿದು ಮಾಡುವ ಕಿರಿಯರು ಮನೆಯನ್ನು ಶುಚಿಗೊಳಿಸಿದರೆಂದು ಹೇಳಬಹುದು, ವ್ರತ ಮಾಡಿದರೆಂದು ಹೇಳಲಾಗದು. ಆ ಮುದಿ ಜೀವದ ಕಣ್ಣೀರು ಹಿಂಸೆಯ ಲೆಕ್ಕಕ್ಕೆ ಸೇರುತ್ತದೆ. ಬಳಿಯಲ್ಲಿ ಕುಳಿತು, ಒಂದೊಂದು ವಸ್ತುವಿನ ಕಥೆಯನ್ನೂ ಕೇಳಿ, ಆಕೆಯ ಕೈಯಿಂದಲೇ ಕೊಡಿಸುವುದು ಲೇಸು. ಕಥೆ ಕೇಳುವವರು ಸಿಕ್ಕಿದರೆ ಎಷ್ಟೋ ವಸ್ತುಗಳ ಕೆಲಸ ಅಲ್ಲಿಗೆ ತೀರುತ್ತದೆ.

ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ಮರುದಿನ ಉತ್ತಮ ಆಕಿಂಚನ್ಯ ಬರುತ್ತದೆ. ಮೊದಲು ಕೈ ಬಿಡಬೇಕು, ಆಮೇಲೆ ‘ನನ್ನದೇನೂ ಇಲ್ಲ’ ಎಂಬ ಭಾವ ನೆಲೆಗೊಳ್ಳಬೇಕು. ಸಲ್ಲೇಖನೆಯ ವಿಧಿಯೂ ಸ್ನೇಹ, ವೈರ, ಮಮತೆ, ಪರಿಗ್ರಹಗಳನ್ನು ತೊರೆದು ಬಂಧುಜನರೊಡನೆ ಕ್ಷಮೆ ಬೇಡುವುದರಿಂದ ಆರಂಭವಾಗುತ್ತದೆ, ಆಹಾರತ್ಯಾಗ ಅನಂತರದ್ದು. ಜೀವಮಾನವಿಡೀ ಒಂದು ಹಳೆಯ ಪೆಟ್ಟಿಗೆಯನ್ನು ಬಿಡಲು ಕಲಿಯದವನು ಶರೀರವನ್ನು ಬಿಡುವ ದಿನ ಆ ಪಾಠವನ್ನು ಒಮ್ಮೆಗೇ ಕಲಿಯುವುದು ಹೇಗೆ? ದಿಗಂಬರ ಮುನಿಗಳ ಬಳಿಯಿರುವುದು ಪಿಂಛಿ, ಕಮಂಡಲು, ಶಾಸ್ತ್ರಗಳೆಂಬ ಉಪಕರಣಗಳು ಮಾತ್ರ. ಚಾತುರ್ಮಾಸದ ಕೊನೆಯಲ್ಲಿ ಹೊಸ ಪಿಂಛಿ ಬಂದಾಗ ಹಳೆಯದನ್ನು ಸಂಯಮದ ನಿಯಮ ಸ್ವೀಕರಿಸಿದ ಶ್ರಾವಕರಿಗೆ ಕೊಟ್ಟುಬಿಡುತ್ತಾರೆ. ವರ್ಷವಿಡೀ ಕೈಯಲ್ಲಿದ್ದು ಜೀವರಕ್ಷಣೆ ಮಾಡಿದ ಆ ನವಿಲುಗರಿಯ ಮೇಲೂ ಅವರಿಗೆ ಮಮಕಾರವಿಲ್ಲ. ಅದನ್ನು ಕಣ್ಣಿಗೊತ್ತಿಕೊಂಡು ಮನೆಗೆ ಮರಳುವ ಗೃಹಸ್ಥನು ಒಮ್ಮೆ ತನ್ನ ಅಟ್ಟದ ಕಡೆಗೂ ತಲೆಯೆತ್ತಿ ನೋಡಲಿ.