ಮನೆತನದ ಹೆಸರು ಕೂಸಿಗೆ

ದೀಕ್ಷಾಸ್ನಾನದ ದಿವಸ ಕೂಸಿಗೆ ವೆಸ್ಲಿ ಎಂದು ಹೆಸರಿಡುವದು ನಮ್ಮ ಸಭೆಗಳಲ್ಲಿ ಹೊಸತಲ್ಲ. ಆದರೆ ಅದು ಮೊದಲು ಒಂದು ಮನೆತನದ ಹೆಸರಾಗಿತ್ತೆಂಬದನ್ನು ನಾವು ಯೋಚಿಸುವದುಂಟೋ? ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥವು ಪಡುವಣ ಹುಲ್ಲುಗಾವಲು ಎಂದಷ್ಟೇ. ನಮ್ಮವರಲ್ಲಿ ಅನೇಕರು ಊರಿನ ಮೊದಲಕ್ಷರವನ್ನು ಹೆಸರಿನ ಮುಂದೆ ಬರೆಯುತ್ತಾರೆ. ಆ ದೇಶದವರು ಸ್ಥಳದ ಹೆಸರನ್ನು ಕೊನೆಯಲ್ಲಿ ಸೇರಿಸಿಕೊಂಡರು.

1703ರಲ್ಲಿ ಎಪ್‌ವರ್ತಿನಲ್ಲಿ ಹುಟ್ಟಿದ ಮಗನಿಗೆ ತಂದೆತಾಯಿಗಳು ಇಟ್ಟದ್ದು ಜಾನ್ ಎಂಬ ಹೆಸರು. ವೆಸ್ಲಿ ಎಂಬದಾದರೋ ತಂದೆ ಸಾಮುವೇಲರಿಗೂ ಕೀರ್ತನಕಾರರಾದ ತಮ್ಮ ಚಾರ್ಲ್ಸರಿಗೂ ಸಮನಾಗಿ ಸೇರಿದ್ದು. ಹಾಗಾದರೆ ಕೂಸನ್ನು ಜಾನ್ ಎಂದೇ ಏಕೆ ಕರೆಯಬಾರದು? ಜಾನರು ಲೋಕದಲ್ಲಿ ಲೆಕ್ಕವಿಲ್ಲದಷ್ಟು; ವೆಸ್ಲಿ ಎಂದೊಡನೆ ಕುದುರೆಯೇರಿ ಊರೂರು ತಿರುಗಿ ಸುವಾರ್ತೆ ಸಾರಿದ ಆ ಒಬ್ಬರೇ ಕಣ್ಣ ಮುಂದೆ ನಿಲ್ಲುವರು. ತಂದೆತಾಯಿಗಳ ಮನಸ್ಸನ್ನು ಸೆಳೆಯುವದು ಇದೇ, ಹುಡುಗನಿಗೆ ಭಾರವಾಗುವದೂ ಇದೇ. ಶಾಲೆಯಲ್ಲಿ ಅವನು ಸುಳ್ಳಾಡಿದರೆ, "ಇಂಥ ಹೆಸರಿಟ್ಟುಕೊಂಡು ಹೀಗೋ?" ಎಂದು ಗದರಿಸುವವರುಂಟು. ಪಕ್ಕದಲ್ಲಿ ಕುಳಿತ ಜಾನನು ಅದೇ ಸುಳ್ಳನ್ನಾಡಿದರೆ ಒಂದು ಏಟಿಗೆ ಮುಗಿಯುವದು. ಸಾಲ ಮಾಡಿದವರು ಹೆತ್ತವರು, ತೀರಿಸಬೇಕಾದವನು ಕೂಸು, ಇದು ನ್ಯಾಯವೋ?

ಆ ಹೆಸರನ್ನು ಬಿಟ್ಟುಬಿಡಿರೆಂದು ನಾವು ಹೇಳುವದಿಲ್ಲ; ಪ್ರೀತಿಯಿಂದಲೇ ಇಟ್ಟಿದ್ದೀರಿ. ಆದರೆ ಹೆಸರಿನ ಕಥೆಯನ್ನು ಹೇಳುವಾಗ, ಜಾರ್ಜಿಯದಲ್ಲಿ ಕೈಕೊಂಡ ಕೆಲಸವು ಕೈಗೂಡದೆ 1738ರಲ್ಲಿ ಕುಂದಿದ ಮನಸ್ಸಿನಿಂದ ಹಡಗಿಳಿದ ವೆಸ್ಲಿಯವರ ಸಂಗತಿಯನ್ನೂ ಹುಡುಗನಿಗೆ ಹೇಳುವಿರೋ?