ಸ್ಥಿರತೆ ಯಾರ ಗುಣ? ಲವಣ, ಪ್ರೋಟೀನ್ ಮತ್ತು ಶಕ್ತಿವಾದ

ವಸ್ತುವಿನ ಸಾಮರ್ಥ್ಯ ಅದರೊಳಗೇ ಅಡಗಿರುತ್ತದೆಯೇ, ಕಾರಣಗಳೆಲ್ಲ ಕೂಡಿಬಂದಾಗ ಮಾತ್ರ ಉಂಟಾಗುತ್ತದೆಯೇ ಎಂಬುದು ಮೀಮಾಂಸಕರಿಗೂ ನೈಯಾಯಿಕರಿಗೂ ಬಹುಕಾಲ ನಡೆದ ವಾದ. ಇಬ್ಬರೂ ಬೆಂಕಿ ಮತ್ತು ಮಣಿಯ ಉದಾಹರಣೆಯನ್ನೇ ಹಿಡಿದರು. ಒಂದು ಬಗೆಯ ಮಣಿ ಹತ್ತಿರವಿದ್ದರೆ ಬೆಂಕಿ ಸುಡುವುದಿಲ್ಲ ಎಂಬ ನಂಬಿಕೆ ಆಗ ಇತ್ತು. ಬೆಂಕಿಯ ರೂಪ ಹಾಗೆಯೇ ಉಳಿದು ಸುಡುವ ಕೆಲಸ ಮಾತ್ರ ನಿಲ್ಲುವುದರಿಂದ, ರೂಪಕ್ಕಿಂತ ಬೇರೆಯಾದ, ಕಣ್ಣಿಗೆ ಕಾಣದ ‘ಶಕ್ತಿ’ ಎಂಬ ಪದಾರ್ಥವನ್ನು ಒಪ್ಪಲೇಬೇಕು ಎಂದು ಪ್ರಾಭಾಕರ ಮೀಮಾಂಸಕರು ಸಾಧಿಸಿದರು. ನೈಯಾಯಿಕನಾದ ಉದಯನನು ‘ನ್ಯಾಯಕುಸುಮಾಂಜಲಿ’ಯಲ್ಲಿ ಇದನ್ನು ನಿರಾಕರಿಸಿದ. ಸುಡುವುದಕ್ಕೆ ಬೆಂಕಿಯಂತೆ ಪ್ರತಿಬಂಧಕದ ಅಭಾವವೂ ಕಾರಣ. ಕಾರಣಸಾಮಗ್ರಿಯನ್ನು ಪೂರ್ತಿಯಾಗಿ ಎಣಿಸಿದರೆ ಕಾಣದ ಶಕ್ತಿ ಬೇಕಾಗುವುದಿಲ್ಲ. ಪ್ರತಿಬಂಧಕ ಮಣಿ ಇದ್ದಾಗಲೂ ‘ಉತ್ತೇಜಕ’ವೆಂಬ ಇನ್ನೊಂದು ಮಣಿ ಸೇರಿದರೆ ಬೆಂಕಿ ಸುಡುತ್ತದೆ ಎಂಬ ಸಂದರ್ಭವನ್ನೂ ನೈಯಾಯಿಕರು ಲೆಕ್ಕಕ್ಕೆ ತೆಗೆದುಕೊಂಡರು.

ನೀರಿನಲ್ಲಿ ಕರಗಿದ ಲವಣಗಳು ಪ್ರೋಟೀನಿನ ಮೇಲೆ ಮಾಡುವ ಪರಿಣಾಮ ಇದೇ ಪ್ರಶ್ನೆಯನ್ನು ಅಳೆದು ನೋಡಬಹುದಾದ ರೂಪದಲ್ಲಿ ಮುಂದಿಡುತ್ತದೆ. 1888ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟ್ಸ್ ಹಾಫ್‌ಮೈಸ್ಟರ್ ಕೋಳಿಮೊಟ್ಟೆಯ ಬಿಳಿಲೋಳೆಯಲ್ಲಿರುವ ಪ್ರೋಟೀನುಗಳನ್ನು ಒತ್ತರಿಸಲು ಯಾವ ಲವಣ ಎಷ್ಟು ಬೇಕೆಂದು ಪರೀಕ್ಷಿಸಿದ. ಅದರಿಂದ ಮೂಡಿದ ಶ್ರೇಣಿಯ ಒಂದು ತುದಿಯಲ್ಲಿ ಸಲ್ಫೇಟ್ ಮತ್ತು ಫಾಸ್ಫೇಟ್, ನಡುವೆ ಕ್ಲೋರೈಡ್, ಇನ್ನೊಂದು ತುದಿಯಲ್ಲಿ ಅಯೊಡೈಡ್ ಮತ್ತು ಥಯೋಸಯನೇಟ್ ಇವೆ. ಮೊದಲಿನವು ಪ್ರೋಟೀನಿನ ಮಡಿಕೆಯನ್ನು ಭದ್ರಪಡಿಸುತ್ತವೆ, ಕೊನೆಯವು ಸಡಿಲಿಸುತ್ತವೆ.

ಇದಕ್ಕೆ ಬಹುಕಾಲ ಕೊಟ್ಟ ವಿವರಣೆ ನೀರಿನ ರಚನೆಯದು. ಸಲ್ಫೇಟ್ ನೀರಿನ ಹೈಡ್ರೋಜನ್ ಬಂಧಗಳ ಜಾಲವನ್ನು ದೂರದವರೆಗೆ ಬಿಗಿಗೊಳಿಸುತ್ತದೆ, ಥಯೋಸಯನೇಟ್ ಅದನ್ನು ಕೆಡಿಸುತ್ತದೆ, ಪ್ರೋಟೀನ್ ಆ ಬದಲಾವಣೆಗೆ ಒಳಗಾಗುತ್ತದೆ ಎಂದು ಭಾವಿಸಲಾಗಿತ್ತು. 2003ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಅತಿ ಕಿರಿದಾದ ಲೇಸರ್ ಮಿಡಿತಗಳಿಂದ ಸಲ್ಫೇಟ್ ಮತ್ತು ಪರ್ಕ್ಲೋರೇಟ್ ದ್ರಾವಣಗಳನ್ನು ಅಳೆದಾಗ, ಅಯಾನನ್ನು ಸುತ್ತುವರಿದ ಮೊದಲ ಪದರದಾಚೆಯ ನೀರು ಬಹುಮಟ್ಟಿಗೆ ಶುದ್ಧ ನೀರಿನಂತೆಯೇ ಇತ್ತು. ಹೀಗಾಗಿ ಇಂದಿನ ವಿವರಣೆ ಹತ್ತಿರದ ಸಂಬಂಧಗಳಿಗೆ ಒತ್ತು ಕೊಡುತ್ತದೆ. ಸಲ್ಫೇಟ್ ತನ್ನ ನೀರನ್ನು ಬಿಗಿಯಾಗಿ ಹಿಡಿದು ಪ್ರೋಟೀನಿನ ಮೈಯಿಂದ ದೂರ ಉಳಿಯುತ್ತದೆ; ಬಿಚ್ಚಿಕೊಂಡ ಪ್ರೋಟೀನಿನ ಮೈ ಹೆಚ್ಚು ತೆರೆದಿರುವುದರಿಂದ ಅಂಥ ದ್ರಾವಣದಲ್ಲಿ ಮಡಿಚಿಕೊಂಡಿರುವುದೇ ಅನುಕೂಲ. ನೀರಿನ ಹಿಡಿತ ಸಡಿಲವಾಗಿರುವ ಥಯೋಸಯನೇಟ್ ಪ್ರೋಟೀನಿನ ಮೈಗೆ ಅಂಟುತ್ತದೆ. ಅಲ್ಲಿ ಬಿಚ್ಚಿಕೊಳ್ಳುವುದು ಸುಲಭ.

ಗ್ವಾನಿಡಿನಿಯಂ ಅಯಾನಿನ ನಡವಳಿಕೆ ಇನ್ನೂ ಸೂಕ್ಷ್ಮ. ಗ್ವಾನಿಡಿನಿಯಂ ಕ್ಲೋರೈಡಿನ 6 ಮೋಲಾರ್ ದ್ರಾವಣದಲ್ಲಿ ಬಹುಪಾಲು ಪ್ರೋಟೀನುಗಳು ಬಿಚ್ಚಿಕೊಳ್ಳುತ್ತವೆ. ಅದೇ ಗ್ವಾನಿಡಿನಿಯಂ ಸಲ್ಫೇಟಿನ ಜೊತೆಗಿದ್ದರೆ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವದ ಸ್ಥಿರತೆ ಹೆಚ್ಚುತ್ತದೆ. ಪ್ರತಿಬಂಧಕ ಇದ್ದರೂ ಉತ್ತೇಜಕ ಸೇರಿದಾಗ ಕಾರ್ಯ ನಡೆಯುತ್ತದೆ ಎಂಬ ನ್ಯಾಯದ ವಿಶ್ಲೇಷಣೆಗೆ ಇದಕ್ಕಿಂತ ಹತ್ತಿರದ ನಿದರ್ಶನ ಸಿಗುವುದು ಕಷ್ಟ. ಮೊಟ್ಟೆಯ ಬಿಳಿಲೋಳೆಯಲ್ಲೇ ಇರುವ ಲೈಸೋಜೈಮ್ ಧನವಿದ್ಯುದಂಶದ ಪ್ರೋಟೀನ್; ಲವಣ ಕಡಿಮೆಯಿದ್ದಾಗ ಅದು ಒತ್ತರಿಸುವ ಕ್ರಮದಲ್ಲಿ ಶ್ರೇಣಿಯೇ ತಲೆಕೆಳಗಾಗುತ್ತದೆ. ಮೃತ ಸಮುದ್ರದ ಲವಣಪ್ರಿಯ ಸೂಕ್ಷ್ಮಜೀವಿಗಳ ಹಲವು ಪ್ರೋಟೀನುಗಳು ಲವಣ ಕಡಿಮೆಯಾದರೇ ಬಿಚ್ಚಿಹೋಗುತ್ತವೆ. ಭದ್ರಪಡಿಸುವ ಶಕ್ತಿ ಲವಣದೊಳಗೇ ನೆಲೆಸಿದೆ ಎನ್ನುವುದಕ್ಕೆ ಇವೆಲ್ಲ ಅಡ್ಡಿ.

ಆದರೂ ಮೀಮಾಂಸಕರ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಕ್ರಿಶ್ಚಿಯನ್ ಆನ್‌ಫಿನ್‌ಸೆನ್ 124 ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸನ್ನು ಯೂರಿಯಾ ಮತ್ತು ಅಪಕರ್ಷಕದಿಂದ ಪೂರ್ತಿ ಬಿಚ್ಚಿ, ಬಳಿಕ ಅವನ್ನು ತೆಗೆದಾಗ ಅದು ತಾನಾಗಿ ಮಡಿಚಿಕೊಂಡು ಮತ್ತೆ ಕೆಲಸ ಮಾಡಿತು. ಈ ಸಂಶೋಧನೆಗೆ 1972ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. ಕಾರ್ಯ ನಿಂತಾಗಲೂ ಏನೋ ಒಂದು ಉಳಿದಿತ್ತು ಎಂಬುದಂತೂ ದಿಟ. ಹಾಗೆ ಉಳಿದದ್ದು ಅಮೈನೋ ಆಮ್ಲಗಳ ಅನುಕ್ರಮ. ಅದು ಪ್ರಮಾಣಕ್ಕೆ ಸಿಗುವಂಥದ್ದು. ರೂಪದಾಚೆಯ ಬೇರೊಂದು ಪದಾರ್ಥವಲ್ಲ.

ಪ್ರಾಚೀನರ ವಾದ ಅಣುಗಳ ಕುರಿತಾದುದಲ್ಲ. ಪ್ರಯೋಗವೊಂದು ದರ್ಶನಗಳ ನಡುವೆ ತೀರ್ಪು ಕೊಡುವುದೂ ಇಲ್ಲ. ಆದರೆ ಸ್ಥಿರತೆಯನ್ನು ಪ್ರೋಟೀನಿಗೊಂದಕ್ಕೇ, ನೀರಿಗೊಂದಕ್ಕೇ ಅಥವಾ ಲವಣಕ್ಕೊಂದಕ್ಕೇ ಹೇಳುವುದು ಸರಿಯಲ್ಲ ಎಂಬುದು ಇಲ್ಲಿ ಸ್ಪಷ್ಟ. ಅನುಕ್ರಮ, ಅಯಾನು, ಅದರ ಜೊತೆಗಾರ ಅಯಾನು, ಸಾಂದ್ರತೆ, ನೀರು ಇವೆಲ್ಲ ಸೇರಿದ ಸಾಮಗ್ರಿಗೇ ಆ ಗುಣ ಸಲ್ಲುತ್ತದೆ.